ಗಟ್ಟಿ ಮಾತಿನ ಮನೆ

ಹಿಟ್ಟಿನ ಗಿರಣಿಯ ಹಿಂಗೋಡೆಗೆ ಅಂಟಿಕೊಂಡಿದ್ದ ಆ ಮನೆಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದ್ದನ್ನು ಬೀದಿಯವರು ಕಂಡಿದ್ದಿಲ್ಲ. ಬೆಳಗ್ಗೆ ಎಂಟಕ್ಕೆ ಶುರುವಾದ ಗಿರಣಿ ಸಂಜೆ ಏಳರವರೆಗೆ ಗುಡುಗುಡು ಎನ್ನುತ್ತಲೇ ಇರುತ್ತಿತ್ತು. ಅದರ ನಡುಕಕ್ಕೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಂಥ ಮನೆಯಲ್ಲಿ ಉಪ್ಪು ಕೊಡು ಎನ್ನಲೂ ಕೂಗಬೇಕು, ಮುತ್ತು ಕೊಡು ಎನ್ನಲೂ ಕೂಗಬೇಕು. ಗಿರಣಿ ನಿಂತ ಮೇಲೂ ಅವರ ಗಂಟಲು ಮಾತ್ರ ಇಳಿಯುತ್ತಿರಲಿಲ್ಲ. ಅವರು ಪ್ರೀತಿಯಿಂದ ಮಾತಾಡಿದರೆ ದಾರಿಹೋಕರು ಜಗಳವೆಂದು ನಿಂತು ನೋಡುತ್ತಿದ್ದರು. ನಿಜವಾಗಿ ಜಗಳವಾಡಿದಾಗ ಯಾರೂ ನಿಲ್ಲುತ್ತಿರಲಿಲ್ಲ.

ಸೊಸೆ ಈ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಅವಳ ಅಪ್ಪ ಗಡಿಯಾರ ರಿಪೇರಿ ಮಾಡುವವರು. ತವರಿನಲ್ಲಿ ಚಮಚ ಕೆಳಗೆ ಬಿದ್ದರೂ ಎಲ್ಲರೂ ತಲೆಯೆತ್ತುತ್ತಿದ್ದರು. ಬಂದ ಹೊಸದರಲ್ಲಿ ಅತ್ತೆ, "ಏನಮ್ಮಾ, ನಿನ್ನ ಮಾತು ಹಲ್ಲು ದಾಟಿ ಈಚೆಗೇ ಬರಲ್ವಲ್ಲ" ಎಂದು ಗೇಲಿ ಮಾಡಿದ್ದರು. ಆರೇ ತಿಂಗಳಲ್ಲಿ ಅವಳೂ ಕಲಿತಳು. ಈಗ ಅವಳು ಒಲೆಯ ಮುಂದೆ ನಿಂತು ಕೂಗಿದರೆ ಗಿರಣಿ ಸಾಲಿನ ಕೊನೆಯಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ಎಂಟು ವರ್ಷ, ಮೂರನೇ ತರಗತಿ. ವಯಸ್ಸಿಗೆ ಮೀರಿದ ಎತ್ತರ, ಮೈಯಲ್ಲಿ ಮಾಂಸವೇ ಇಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಡ್ಡಿ. ಈ ಕಡ್ಡಿ ಅಜ್ಜನ ಕಣ್ಮಣಿ. ಗಿರಣಿಯ ಭಾಷೆಯೆಲ್ಲ ಅವಳಿಗೆ ಬರುತ್ತಿತ್ತು. ಹೆಬ್ಬೆರಳು ತೋರುಬೆರಳು ಉಜ್ಜಿದರೆ ಹಿಟ್ಟು ನುಣ್ಣಗೆ ಬೇಕು, ಮುಷ್ಟಿ ಅಲ್ಲಾಡಿಸಿದರೆ ತರಿತರಿ. ಸನ್ನೆಯಷ್ಟೇ ಅಲ್ಲ, ಕಲ್ಲು ಭರ್ರೆಂದು ತಿರುಗುತ್ತಿದ್ದಾಗ ಸಾಲಿನಲ್ಲಿ ಯಾರು ಏನು ಹೇಳಿದರೂ ಅವರ ಬಾಯಿ ನೋಡಿಯೇ ಹೇಳಿಬಿಡುತ್ತಿದ್ದಳು. "ನಲವತ್ತು ವರ್ಷ ನಿಂತು ನಾನು ಕಲಿತ ವಿದ್ಯೆ, ಇವಳು ಹಾಲು ಕುಡಿಯುವಾಗಲೇ ಕಲಿತುಬಿಟ್ಳು" ಎಂದು ಗಿರಣಿ ನಡೆಸುತ್ತಿದ್ದ ಮಾವ ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದರು.

ಹೀಗಿರುವಾಗ ಶಾಲೆಯಿಂದ ಚೀಟಿ ಬಂತು. ಬಂದು ಕಾಣಬೇಕು ಎಂದು ತರಗತಿಯ ಮೇಷ್ಟ್ರು ಬರೆದಿದ್ದರು.

ಮೇಷ್ಟ್ರು ಒಳ್ಳೆಯವರೇ. ಮಕ್ಕಳ ಮೇಲೆ ಕೈ ಎತ್ತುವವರಲ್ಲ. ಅವರ ಮೀಸೆ ಮಾತ್ರ ಆ ಸುತ್ತಿನಲ್ಲೇ ಹೆಸರುವಾಸಿ. ಮೇಲ್ತುಟಿಯನ್ನು ಮುಚ್ಚಿ ಕೆಳತುಟಿಯ ಮೇಲೂ ಸೂರಿನಂತೆ ಇಳಿದಿತ್ತು. ಅವರು ಸೊಸೆಯನ್ನು ಮಕ್ಕಳ ಬೆಂಚಿನ ಮೇಲೆ ಕೂರಿಸಿ ಕಡ್ಡಿಯ ಪುಸ್ತಕ ತೆಗೆದಿಟ್ಟರು. ಉಕ್ತಲೇಖನದ ಪುಟದಲ್ಲಿ ಅರ್ಧ ಜಾಗ ಖಾಲಿ.

"ನೋಡಿಮ್ಮಾ, ಹೇಳಿದ್ದು ಬರೆಯಲ್ಲ. ಕರೆದ್ರೆ ತಿರುಗಲ್ಲ. ಪಕ್ಕದವಳು ತಿವಿದ ಮೇಲೆ ಎದ್ದು ನಿಲ್ತಾಳೆ. ಬೋರ್ಡ್ ಮೇಲಿರೋದನ್ನ ಮಾತ್ರ ಮುತ್ತಿನ ಹಾಗೆ ಬರೀತಾಳೆ. ಕಿವಿ ಸರಿಯಾಗಿ ಕೇಳಿಸುತ್ತೆ ತಾನೇ?"

ಸೊಸೆಗೆ ನಗುವೇ ಬಂತು. "ಕಿವಿನಾ ಸರ್? ಗಿರಣಿ ಓಡ್ತಿರುವಾಗ ನಮಗೇ ಕೇಳದ್ದೆಲ್ಲ ಅವಳಿಗೆ ಕೇಳುತ್ತೆ!"

"ಹಾಗಿದ್ರೆ ಗಮನ ಇಲ್ಲ ಅಂತಲೇ ಆಯ್ತು. ಹೀಗೇ ಮೇಲಕ್ಕೆ ಹಾಕಿದ್ರೆ ಮುಂದೆ ಪೂರಾ ಮುಳುಗಿಹೋಗ್ತಾಳೆ. ವರ್ಷ ಮುಗಿಯೋಕೆ ಇನ್ನು ಹತ್ತು ವಾರ ಇದೆ. ಸುಧಾರಿಸದಿದ್ರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಲಿ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅಂದು ಊಟಕ್ಕೆ ರೊಟ್ಟಿ, ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಇತ್ತು. ಆದರೆ ತಟ್ಟೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಅಭಿಪ್ರಾಯಗಳು ಸುತ್ತಿಬಂದವು.

"ಟ್ಯೂಷನ್‌ಗೆ ಹಾಕೋಣ" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಕಷ್ಟವಾದರೂ ಒಂದು ಬೋಲ್ಟ್ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದವನು. "ಆಟ ಬಂದ್. ಸ್ವಲ್ಪ ಬಿಗಿ ಮಾಡಬೇಕು."

"ಬಿಗಿ ಮಾಡೋಕೆ ಅವಳೇನು ನಿನ್ನ ಬಸ್ಸಾ?" ಎಂದರು ಅತ್ತೆ. "ಮೈಯಲ್ಲಿ ರಕ್ತ ಇಲ್ಲ ಮಗೂಗೆ. ದಿನಕ್ಕೆ ಎರಡು ಮೊಟ್ಟೆ, ಹೊಟ್ಟೆ ತುಂಬ ಹಾಲು ಕೊಡಿ. ಹೊಟ್ಟೆ ತುಂಬಿದ್ರೆ ತಲೆ ತಾನಾಗೇ ಓಡುತ್ತೆ."

"ಮಗು ಸರಿಯಾಗೇ ಇದೆ, ಶಾಲೆನೇ ಸರಿ ಇಲ್ಲ" ಎಂದು ಮಾವ ತೀರ್ಪು ಕೊಟ್ಟರು. "ಆ ಮೇಷ್ಟ್ರು ಗಿರಣಿಗೆ ಬಂದಾಗ ನೋಡಿಲ್ವಾ? ಏನು ಹೇಳ್ತಾನೋ ಅವನಿಗೇ ಗೊತ್ತು. ಮಾತನ್ನ ಹೊಟ್ಟೆಯೊಳಗೇ ಇಟ್ಕೊಂಡು ಆಡ್ತಾನೆ."

ಕಡ್ಡಿ ಮೊಟ್ಟೆಯ ಹಳದಿಯನ್ನು ಬೇರೆ ಮಾಡುತ್ತಾ ಎಲ್ಲರ ಬಾಯನ್ನೂ ಒಂದೊಂದಾಗಿ ನೋಡುತ್ತಿದ್ದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ನಾನು ಮೂರನೇ ಕ್ಲಾಸಲ್ಲೇ ಉಳಿದ್ರೆ ಗುಂಗುರು ನನ್ನ ಪಕ್ಕ ಕೂರಲ್ವಾ?"

ಗುಂಗುರು ಎಂದರೆ ಶಾಲೆಯಲ್ಲಿ ಅವಳನ್ನು ತಿವಿಯುತ್ತಿದ್ದ ಗುಂಗುರು ಕೂದಲಿನ ಗೆಳತಿ. ಅತ್ತೆ ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದರು.

ಸುದ್ದಿ ಮಾರನೇ ದಿನವೇ ಗಿರಣಿ ಸಾಲಿಗೆ ತಲುಪಿತು. ಆ ಬೀದಿಗೆ ಪಂಚಾಯಿತಿ, ಪತ್ರಿಕೆ, ನ್ಯಾಯಾಲಯ ಎಲ್ಲವೂ ಆ ಸಾಲೇ. ಗೋಧಿ ಡಬ್ಬ ಕಾಲಬುಡದಲ್ಲಿಟ್ಟುಕೊಂಡು ನಿಂತವರಿಗೆ ಬಾಯಿಗೆ ಬೇರೆ ಕೆಲಸವೇನು? ಗುಂಡಿ, ದಾರ ಮಾರುವವಳು, "ಈಗಿನ ಮಕ್ಕಳಿಗೆ ಪಾಠ ಜಾಸ್ತಿ ಆಯ್ತು, ಪಾಪ" ಎಂದಳು. "ಜಾಸ್ತಿ ಏನಿಲ್ಲ, ಭಯ ಕಡಿಮೆ ಆಯ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದ ಕಟಿಂಗ್ ಅಂಗಡಿಯವನು. ಅವನ ಮಗ ಅದೇ ಶಾಲೆಯಲ್ಲಿ ಎರಡು ಸಲ ಉಳಿದವನು ಎಂದು ಯಾರೋ ನೆನಪಿಸಿದರು. ಅವನು ಆಮೇಲೆ ತನ್ನ ಹಿಟ್ಟಿನ ಕಡೆ ಗಮನ ಕೊಟ್ಟ.

ಬೀದಿಯ ಕೊನೆಯ ಮನೆಯ ನಿವೃತ್ತ ಗುಮಾಸ್ತರ ಬಳಿ ಟ್ಯೂಷನ್ ಶುರುವಾಯಿತು. ಅವರು ನುಣ್ಣಗೆ ಗಡ್ಡಮೀಸೆ ಬೋಳಿಸುವವರು. ಕಡ್ಡಿಯನ್ನು ಎದುರು ಮಣೆಯ ಮೇಲೆ ಕೂರಿಸಿಕೊಂಡು ಒಂದೊಂದು ಮಾತನ್ನೂ ಅಗಿದು ಅಗಿದು ಹೇಳಿಕೊಡುತ್ತಿದ್ದರು. ಎರಡು ವಾರವಾದ ಮೇಲೆ ಅವರೇ ಮನೆಗೆ ಬಂದರು.

"ಈ ಹುಡುಗಿಗೆ ಬುದ್ಧಿ ಕಡಿಮೆ ಅಂದವರ ಬುದ್ಧಿ ನೋಡಬೇಕು. ಹತ್ತಕ್ಕೆ ಹತ್ತು! ಉಕ್ತಲೇಖನದಲ್ಲೂ ತಪ್ಪಿಲ್ಲ."

ಅದೇ ವಾರ ಶಾಲೆಯ ಉಕ್ತಲೇಖನದಲ್ಲಿ ಅವಳಿಗೆ ಇಪ್ಪತ್ತಕ್ಕೆ ಮೂರು.

ಅಲ್ಲಿಗೆ ಎಲ್ಲರ ಅನುಮಾನವೂ ಒಂದೇ ಕಡೆ ವಾಲಿತು. ಬರದ ಮಗುವಾದರೆ ಕಲಿಸಬಹುದು; ಬಂದೂ ಬರೆಯದಿದ್ದರೆ ಹಟವಲ್ಲದೆ ಇನ್ನೇನು? ಗಂಡ ಸ್ಕಿಪ್ಪಿಂಗ್ ಹಗ್ಗ ತೆಗೆದು ಅಟ್ಟದ ಮೇಲಿಟ್ಟ. ಸೊಸೆ ದಿನವೂ ಸಂಜೆ ಅಡುಗೆ ಮಾಡುತ್ತಲೇ ಪಾಠ ಹೇಳತೊಡಗಿದಳು. ಹಿಟ್ಟು ನಾದುತ್ತಾ ಕೂಗುವುದು, ತರಕಾರಿ ಹೆಚ್ಚುತ್ತಾ ಕೂಗುವುದು. ಒಂದು ಸಂಜೆ ಒಲೆಯ ಕಡೆ ತಿರುಗಿಕೊಂಡೇ ಒಂದು ಲೆಕ್ಕವನ್ನು ಮೂರು ಸಲ ಹೇಳಿದಳು. ಹಿಂತಿರುಗಿ ನೋಡಿದರೆ ಕಡ್ಡಿ ಸೀಸದಕಡ್ಡಿಯಿಂದ ಪುಟದ ಮೂಲೆಯಲ್ಲಿ ಬೆಕ್ಕು ಬರೆಯುತ್ತಾ ಕೂತಿದ್ದಾಳೆ. ಸೊಸೆಗೆ ಏನಾಯಿತೋ, ಹಿಟ್ಟಿನ ಕೈಯಲ್ಲೇ ಬೆನ್ನಿಗೆ ಒಂದು ಬಾರಿಸಿದಳು.

"ಕೇಳಿದ್ರೂ ಕೇಳದ ಹಾಗೆ ನಾಟಕ ಆಡ್ತೀಯಾ?"

ಕಡ್ಡಿ ಅಳಲಿಲ್ಲ. ಅಮ್ಮನ ಮುಖವನ್ನು ದಿಟ್ಟಿಸಿ ನೋಡಿ, "ಏನು ಹೇಳಿದೆ ಅಮ್ಮಾ?" ಎಂದಳು. ಅಂಗಿಯ ಮೇಲೆ ಐದು ಬೆರಳಿನ ಹಿಟ್ಟಿನ ಗುರುತು ಮಲಗುವವರೆಗೂ ಹಾಗೇ ಇತ್ತು. ಸೊಸೆ ಎರಡು ಸಲ ಅದನ್ನು ಒರೆಸಲು ಹೋಗಿ ಹಿಂದಕ್ಕೆ ಬಂದಳು.

ಒಂದು ಕಡೆ ಪಾಠ, ಇನ್ನೊಂದು ಕಡೆ ವಾರದ ಕೊನೆಯ ಗಿರಣಿ ನೂಕುನುಗ್ಗಲು; ಕೂಗಿ ಕೂಗಿ ಆರನೇ ವಾರಕ್ಕೆ ಅವಳ ಗಂಟಲು ಕೈಕೊಟ್ಟಿತು. ಬೆಳಗ್ಗೆ ಎದ್ದು "ಹಾಲು" ಎಂದರೆ ಗಾಳಿ ಮಾತ್ರ ಬಂತು. ಡಾಕ್ಟರು ಒಂದು ವಾರ ಬಾಯಿ ಬಿಡಕೂಡದು, ತೀರಾ ಬೇಕಿದ್ದರೆ ಪಿಸುಗುಟ್ಟಬಹುದು, ಅದೂ ಆದಷ್ಟು ಕಡಿಮೆ ಎಂದರು.

"ನಮ್ಮ ಮನೆಯಲ್ಲಿ ಪಿಸುಗುಟ್ಟಿದ್ರೆ ಯಾರಿಗೆ ಕೇಳಬೇಕು?" ಎಂದು ಅತ್ತೆ ನಕ್ಕರು. ನಿಜ, ಯಾರಿಗೂ ಕೇಳಲಿಲ್ಲ. ಗಂಡನಿಗೆ ಟವೆಲ್ ಎಂದರೆ ಚಹಾ ತಂದ. ಅರ್ಥವಾಗುತ್ತಿದ್ದದ್ದು ಕಡ್ಡಿಗೊಬ್ಬಳಿಗೇ. ಅಮ್ಮ ತುಟಿ ಅಲ್ಲಾಡಿಸಿದರೆ ಸಾಕು, "ಅಮ್ಮ ಈರುಳ್ಳಿ ಕೇಳ್ತಿದ್ದಾಳೆ", "ಅಮ್ಮ ಬಟ್ಟೆ ಒಳಗೆ ತರಬೇಕಂತೆ" ಎಂದು ಗಟ್ಟಿಯಾಗಿ ಸಾರುತ್ತಿದ್ದಳು. ಮಾವನ ಸಂತೋಷ ಹೇಳತೀರದು. "ಇಂಥ ಮಗೂನ ಗಮನ ಇಲ್ಲ ಅಂತಾರೆ! ಗಮನ ಅಂದ್ರೆ ಇನ್ನೇನಯ್ಯಾ?"

ನಾಲ್ಕನೇ ದಿನ ಬೆಳಗ್ಗೆ ಸೊಸೆ ಮಗಳ ತಲೆ ಬಾಚುತ್ತಿದ್ದಳು. ಕಡ್ಡಿಗೆ ಕನ್ನಡಿಯ ಮುಂದೆಯೇ ಜಡೆ ಹಾಕಬೇಕು. ಬೇರೆ ಕಡೆ ಕೂರಿಸಿದರೆ ರಂಪ. ಅದು ಅಲಂಕಾರದ ಹುಚ್ಚು ಎಂದೇ ಮನೆಯವರ ಎಣಿಕೆ. ಅಂದು ಅತ್ತೆ ಒರೆಸಲೆಂದು ಕನ್ನಡಿ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಸೊಸೆ ಜಡೆ ಹೆಣೆಯುತ್ತಾ ಹಿಂದಿನಿಂದ ಪಿಸುಗುಟ್ಟಿದಳು: "ತಲೆ ಬಗ್ಗಿಸು."

ಕಡ್ಡಿ ಬಗ್ಗಿಸಲಿಲ್ಲ.

"ತಲೆ ಬಗ್ಗಿಸು, ಕಡ್ಡೀ." ಇಲ್ಲ.

ಸೊಸೆಯ ಕೈ ನಿಂತಿತು. ಅವಳು ಮಗಳ ಕಿವಿಯ ಹಿಂದೆ ಬಗ್ಗಿ ಹೇಳಿದಳು: "ಹಗ್ಗ ಅಟ್ಟದಿಂದ ಕೆಳಗೆ ತೆಗೆದುಕೊಡ್ತೀನಿ. ಇವತ್ತು ಆಡ್ತೀಯಾ?"

ಮೂರು ವಾರದಿಂದ ಆ ಹಗ್ಗಕ್ಕಾಗಿ ಅಂಗಲಾಚಿದ ಮಗು ಕಾಲು ಅಲ್ಲಾಡಿಸುತ್ತಾ ಗೋಡೆಯ ಮೇಲಿನ ಇರುವೆ ಸಾಲು ನೋಡುತ್ತಾ ಕೂತಿತ್ತು.

ಸೊಸೆ ಕನ್ನಡಿಯನ್ನು ಎತ್ತಿ ಮುಂದೆ ನಿಲ್ಲಿಸಿದಳು. ಅದರಲ್ಲಿ ಮಗಳ ಕಣ್ಣುಗಳು ಅಮ್ಮನ ತುಟಿಗೆ ಬಂದು ನಿಂತವು. ಅದೇ ಪಿಸುಮಾತಿನಲ್ಲಿ ಅದೇ ಮಾತು ಹೇಳಿದಳು.

"ನಿಜವಾಗ್ಲೂ?" ಕಡ್ಡಿ ಅರ್ಧ ಜಡೆಯಲ್ಲೇ ಎದ್ದು ಕುಣಿದಳು. "ಅಮ್ಮಾ, ಯಾಕೆ ಅಳ್ತಿದ್ದೀಯಾ?"

ಅಂದು ಮಧ್ಯಾಹ್ನದ ಊಟಕ್ಕೆ ಗಿರಣಿಯ ಬೆಲ್ಟ್ ಬಿಚ್ಚಿ ನಿಲ್ಲಿಸಿದಾಗ ಸೊಸೆ ಗಂಡನನ್ನೂ ಡಿಪೋದಿಂದ ಕರೆಸಿದ್ದಳು. ಬಿರುಕು ದನಿಯಲ್ಲಿ ಹೇಳಿದಳು: "ಕಡ್ಡಿಗೆ ಕಿವಿ ಕೇಳಿಸಲ್ಲ. ಅವಳು ನಮ್ಮ ಬಾಯಿ ನೋಡ್ತಾಳೆ. ನಾವು ಕಿರುಚ್ತೀವಿ. ಹಾಗಾಗಿ ಇಷ್ಟು ವರ್ಷ ಗೊತ್ತಾಗಲೇ ಇಲ್ಲ."

ಯಾರೂ ಗಿರಣಿಯ ಹೆಸರೆತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾವ ಧಡಕ್ಕನೆ ಎದ್ದರು. "ಅಂದ್ರೆ ನನ್ನ ಗಿರಣಿಯಿಂದ ಮಗು ಕಿವುಡಾಯ್ತು ಅಂತೀಯಾ? ನಲವತ್ತು ವರ್ಷ ಆ ಕಲ್ಲಿನ ಪಕ್ಕ ನಿಂತಿದ್ದೀನಿ. ನನಗೇನಾಗಿದೆ? ಹೇಳಿ, ನನಗೇನಾಗಿದೆ?"

ಅತ್ತೆ ಅವರ ಹಿಂದೆ ನಿಂತು ರೊಟ್ಟಿ ತಟ್ಟೆ ಹಿಡಿದಿದ್ದರು. ಯಾವತ್ತೂ ಇಳಿಸದ ದನಿಯನ್ನು ಇಳಿಸಿ ಅವರು ಹೇಳಿದರು: "ರೀ, ಮನೆಗೆ ಬೆಂಕಿ ಬಿದ್ದಿದೆ."

ಮಾವ ತಿರುಗಲಿಲ್ಲ. "ಹೇಳಿ, ಯಾಕೆ ಎಲ್ಲರೂ ಸುಮ್ಮನಾದ್ರಿ?" ಎಂದು ಗರ್ಜಿಸಿದರು.

ಗಂಡನಿಗೆ ನಗು ತಡೆಯಲಾಗಲಿಲ್ಲ. ಸೊಸೆಗೂ ಬಂತು. ಕಡ್ಡಿ, "ಅಜ್ಜಾ, ಅಜ್ಜಿ ಬೆಂಕಿ ಅಂದ್ರು!" ಎಂದು ತಿಳಿಸಿದಳು. ಮಾವ ಹಿಂದೆ ನೋಡಿದರು, ಮುಂದೆ ನೋಡಿದರು, ಅತ್ತೆಯ ಮುಖ ನೋಡಿದರು. ನಗು ಅಲ್ಲಿಗೇ ನಿಂತಿತು. ಅವರು ಊಟ ಬಿಟ್ಟು ಗಿರಣಿಯೊಳಗೆ ಹೋಗಿ ಹಿಟ್ಟಿನ ಡಬ್ಬದ ಮೇಲೆ ಕೂತರು. ಸಂಜೆಯವರೆಗೆ ಬೆಲ್ಟ್ ಹಾಕಲಿಲ್ಲ. ಸಾಲಿನವರು ಕಾದು ಕಾದು ಡಬ್ಬ ಎತ್ತಿಕೊಂಡು ಹೋದರು.

ಮರುದಿನ ಆಸ್ಪತ್ರೆಗೆ ಹೊರಟಾಗ ಮಾವ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ" ಎಂದರು ಅಷ್ಟೇ.

ಪರೀಕ್ಷೆಗೆ ಒಂದು ಗಾಜಿನ ಕೋಣೆ. ಕಡ್ಡಿಯ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬುಟ್ಟಿಗೆ ಒಂದು ಮಣಿ ಹಾಕು ಎಂದರು. ಅವಳು ಮಣಿ ಹಿಡಿದು ಕಾಯುತ್ತಾ ಕೂತಳು. ಹೊರಗೆ ಯಂತ್ರದ ಮುಂದಿದ್ದ ಹುಡುಗಿ ಗುಂಡಿ ಒತ್ತುತ್ತಲೇ ಇದ್ದಳು. ಒಳಗೆ ಕೈ ಏಳುತ್ತಿರಲಿಲ್ಲ. ಮುಗಿದಾಗ ಬುಟ್ಟಿಯಲ್ಲಿ ಹನ್ನೊಂದು ಮಣಿ, ತಟ್ಟೆಯಲ್ಲಿ ರಾಶಿ ಮಣಿ. "ತುಂಬಾ ಸುಲಭ ಇತ್ತು, ಎಲ್ಲಾ ಸರಿ ಮಾಡಿದೆ" ಎಂದು ಕಡ್ಡಿ ಬೀಗಿದಳು. ಗಂಡ ಮುಖ ಆಚೆ ತಿರುಗಿಸಿಕೊಂಡ.

"ಎರಡೂ ಕಿವಿ ಸುಮಾರು ಮಂದ" ಎಂದರು ಡಾಕ್ಟರಮ್ಮ. "ಚಿಕ್ಕವಳಿದ್ದಾಗ ಜೋರು ಜ್ವರ ಏನಾದ್ರೂ ಬಂದಿತ್ತಾ?"

"ಮೂರು ವರ್ಷಕ್ಕೆ. ಹತ್ತು ದಿನ ಇಳಿದಿರಲಿಲ್ಲ" ಎಂದಳು ಸೊಸೆ.

"ಅದರಿಂದ ಇರಬಹುದು. ಕಿವಿಗೆ ಹಾಕೋ ಯಂತ್ರ ಬರೆದುಕೊಡ್ತೀನಿ, ಬರೋಕೆ ಮೂರು ವಾರ ಆಗುತ್ತೆ. ಚೆನ್ನಾಗಿ ಕೇಳಿಸುತ್ತೆ, ಭಯ ಬೇಡ."

ಮಾವ ಮುಂದೆ ಬಂದು ಮೇಜು ಹಿಡಿದು ನಿಂತರು. "ನಮ್ಮದು ಹಿಟ್ಟಿನ ಗಿರಣಿ. ಅದರಿಂದ ಹೀಗಾಯ್ತಾ? ಇದ್ದದ್ದು ಇದ್ದ ಹಾಗೆ ಹೇಳಿ."

ಡಾಕ್ಟರಮ್ಮ ಅವರನ್ನು ಒಂದು ಕ್ಷಣ ನೋಡಿ, ತುಟಿ ಬಿಡಿಸಿ ಬಿಡಿಸಿ ಹೇಳಿದರು: "ಅಲ್ಲ ಅಜ್ಜಾ. ಈ ಥರ ಮಂದ ಆಗೋದು ಗಿರಣಿಯಿಂದಲ್ಲ. ಆದ್ರೆ ಇನ್ಮೇಲೆ ಕಲ್ಲು ತಿರುಗುವಾಗ ಮಗು ಹತ್ತಿರ ಇರಬಾರದು. ನಿಮ್ಮ ಕಿವಿನೂ ಒಮ್ಮೆ ನೋಡಲಾ?"

"ನನಗೆ ಈ ಬೀದಿಯವರ ಮಾತು ಕೇಳಿ ಕೇಳಿ ಸಾಕಾಗಿದೆ, ಬಿಡಿ" ಎಂದರು ಮಾವ. ಆದರೆ ಮೆಟ್ಟಿಲಿಳಿಯುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮೊಮ್ಮಗಳ ಕೈ ಬಿಡದೆ ಬಸ್‌ಸ್ಟಾಪ್‌ವರೆಗೂ ನಡೆದರು.

ಇಷ್ಟಾದರೂ ಶಾಲೆಯ ತಲೆನೋವು ತಲೆನೋವಾಗಿಯೇ ಉಳಿದಿತ್ತು. ಪರೀಕ್ಷೆಗೆ ಎರಡೇ ವಾರ, ಯಂತ್ರ ಬರಲು ಮೂರು. ಸೊಸೆ ಆಸ್ಪತ್ರೆಯ ಕಾಗದ ಹಿಡಿದು ಮಗಳನ್ನು ಕರೆದುಕೊಂಡು ದೊಡ್ಡ ಟೀಚರ ಕೋಣೆಗೆ ಹೋದಳು. ಮೇಷ್ಟ್ರೂ ಅಲ್ಲಿದ್ದರು. ಕಾಗದ ಓದಿ ಅವರ ಮುಖ ಬಾಡಿತು.

"ನಾನು ಕೇಳಿದ್ದೆ. ನೀವೇ ನಕ್ಕು..." ಎಂದು ಮಾತು ನುಂಗಿದರು.

"ಹೌದು ಸರ್, ನಾನೇ ನಕ್ಕೆ. ಹೆತ್ತವಳಿಗೇ ತಿಳೀಲಿಲ್ಲ, ನಿಮ್ಮನ್ನ ಏನಂತ ಅನ್ನಲಿ?"

ದೊಡ್ಡ ಟೀಚರು ಕನ್ನಡಕ ಒರೆಸಿಕೊಂಡರು. "ಪಾಪ ಮಗುವಿನ ತಪ್ಪಿಲ್ಲ. ಆದ್ರೂ ಒಂದು ವರ್ಷದ ಪಾಠ ತಲೆಗೆ ಹೋಗಿಲ್ಲ ಅನ್ನೋದು ನಿಜ ತಾನೇ? ಯಂತ್ರ ಹಾಕಿಕೊಂಡು ನಿಧಾನಕ್ಕೆ ಇದೇ ತರಗತಿ ಇನ್ನೊಮ್ಮೆ ಓದಲಿ. ಅವಮಾನ ಅಂತ ಯಾಕೆ ತಿಳೀಬೇಕು?"

"ಹೋಗಿಲ್ಲ ಅಂತ ಹೇಗೆ ಹೇಳ್ತೀರಿ? ಗುಮಾಸ್ತರ ಹತ್ರ ಹತ್ತಕ್ಕೆ ಹತ್ತು ಬರೀತಾಳೆ. ಹೋದ ವರ್ಷ ಎರಡನೇ ತರಗತಿ ಟೀಚರ್ ಹತ್ರನೂ ಚೆನ್ನಾಗೇ ಇದ್ಳು. ಇಲ್ಲಿ ಮಾತ್ರ..."

ಹೀಗೆನ್ನುತ್ತಾ ಸೊಸೆ ಮೇಷ್ಟ್ರ ಮುಖ ನೋಡಿದಳು. ಮಾತು ಬಾಯಲ್ಲೇ ನಿಂತಿತು. ಒಂದು ವಾರ ತುಟಿಯಿಂದಲೇ ಬದುಕಿದವಳಿಗೆ ಈಗ ಬಾಯಿಗಳನ್ನು ನೋಡುವುದು ರೂಢಿಯಾಗಿತ್ತು. ಮೇಷ್ಟ್ರಿಗೆ ನೋಡೋಣವೆಂದರೆ ಬಾಯೇ ಇಲ್ಲ. ಮೂಗಿನ ಕೆಳಗೆ ಮೀಸೆ, ಮೀಸೆಯ ಕೆಳಗೆ ಗಲ್ಲ.

"ಸರ್, ಒಂದು ಮಾತು. ಬೇಜಾರು ಮಾಡ್ಕೋಬಾರದು."

"ಹೇಳಿಮ್ಮಾ."

"ನಿಮ್ಮ ಮೀಸೆ..."

"ನನ್ನ ಮೀಸೆ?"

"ಅದು ಅಡ್ಡ ಬರ್ತಿದೆ ಸರ್."

ಮೇಷ್ಟ್ರ ಕೈ ತಾನಾಗಿ ಮೀಸೆಗೆ ಹೋಯಿತು. "ಹದಿನಾರು ವರ್ಷದ ಮೀಸೆ ಇದು. ಮೀಸೆಗೂ ಗುಣಾಕಾರಕ್ಕೂ ಏನಮ್ಮಾ ಸಂಬಂಧ?"

"ಒಂದು ಲೆಕ್ಕ ಕೇಳಿ ನೋಡಿ."

ಮೇಷ್ಟ್ರು ಕೋಣೆಯ ಆ ತುದಿಯಲ್ಲಿ ನಿಂತು, ತರಗತಿಯಲ್ಲಿ ಕೇಳುವ ದನಿಯಲ್ಲೇ, "ಏಳು ಆರಲ ಎಷ್ಟು?" ಎಂದರು. ಕಡ್ಡಿ ಅವರ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ ಹುಡುಕಿದಳು. ನೆಲ ನೋಡಿದಳು. ಆ ನೋಟವನ್ನೇ ಅವರು ವರ್ಷವಿಡೀ ಗಮನವಿಲ್ಲ ಎಂದು ಬರೆದದ್ದು.

"ಈಗ ಮೀಸೆ ಎತ್ತಿ ಹಿಡ್ಕೊಂಡು ಕೇಳಿ."

ದೊಡ್ಡ ಟೀಚರು ಕೆಮ್ಮಿದರು. ಮೇಷ್ಟ್ರು ಅವರನ್ನೊಮ್ಮೆ ನೋಡಿ, ಎರಡೂ ಕೈಯಿಂದ ಮೀಸೆಯ ಎರಡು ತುದಿಗಳನ್ನು ಪರದೆ ಎತ್ತುವಂತೆ ಎತ್ತಿ ಹಿಡಿದರು. ಹದಿನಾರು ವರ್ಷ ಬಿಸಿಲು ಕಾಣದ ತೆಳು ತುಟಿಯೊಂದು ಹೊರಬಂತು.

"ಏಳು ಆರಲ?"

"ನಲವತ್ತೆರಡು!"

"ಒಂಬತ್ತು ಎಂಟಲ?"

"ಎಪ್ಪತ್ತೆರಡು!"

"ನೀರು ಆವಿಯಾಗಿ ಮೇಲೆ ಹೋಗಿ ಏನಾಗುತ್ತೆ?"

"ಮೋಡ! ಆದ್ರೆ ಸರ್, ನೀವು ಇದನ್ನ ಯಾವಾಗ ಹೇಳಿಕೊಟ್ರಿ? ನಾನು ಪುಸ್ತಕ ಓದಿ ತಿಳ್ಕೊಂಡೆ."

ಮೇಷ್ಟ್ರು ಮೀಸೆ ಬಿಟ್ಟರು. ಕುರ್ಚಿಯಲ್ಲಿ ಕೂತರು. ಆಮೇಲೆ ದೊಡ್ಡ ಟೀಚರೇ ಹೇಳಿದರು: "ಮುಂದಿನ ಬೆಂಚಿನಲ್ಲಿ ಕೂರಿಸಿ, ಎದುರು ನಿಂತು ಪ್ರಶ್ನೆ ಹೇಳಿ. ಎಲ್ಲರಿಗೂ ಇರೋ ಪರೀಕ್ಷೆನೇ ಇವಳಿಗೂ. ರಿಯಾಯಿತಿ ಇಲ್ಲ. ಪಾಸಾದ್ರೆ ಮೇಲಕ್ಕೆ, ಇಲ್ಲದಿದ್ರೆ ಇಲ್ಲೇ. ಒಪ್ಪಿಗೆನಾ?"

"ಒಪ್ಪಿಗೆ" ಎಂದಳು ಸೊಸೆ.

ಮರುದಿನ ಸಂಜೆ ಕಟಿಂಗ್ ಅಂಗಡಿಯವನು ಗೋಧಿಯಿಲ್ಲದೆಯೇ ಗಿರಣಿಗೆ ಓಡಿಬಂದ. "ಮೇಷ್ಟ್ರು ಮೀಸೆ ತೆಗೆಸಿದ್ರು! ನನ್ನ ಕೈಯಾರೆ ತೆಗೆದೆ. ಕಣ್ಣು ಮುಚ್ಚಿಕೊಂಡು ಕೂತಿದ್ರು ಪಾಪ. ಪೂರ್ತಿ ಬೇಡ, ತುಟಿ ಕಾಣೋ ಅಷ್ಟು ಸಾಕು ಅಂದೆ; ಮಾಡಿದ್ಮೇಲೆ ಅರ್ಧಂಬರ್ಧ ಯಾಕೆ ಅಂದುಬಿಟ್ರು. ಅವರ ಹೆಂಡತಿ ಬಾಗಿಲು ತೆಗೆದು, ಯಾರು ಬೇಕಿತ್ತು ಅಂತ ಕೇಳಿದ್ರಂತೆ!"

ಸಾಲೆಲ್ಲ ನಕ್ಕಿತು. ಮಾವ ಮಾತ್ರ ನಗಲಿಲ್ಲ. "ಗಂಡಸು ಅಂದ್ರೆ ಅವನು" ಎಂದರು. ಮೇಷ್ಟ್ರ ಮನೆಯ ಗೋಧಿಯನ್ನು ಅಂದಿನಿಂದ ಸಾಲು ಕಾಯಿಸದೆ ಬೀಸಿಕೊಟ್ಟರು. ಸಾಲಿನವರೂ ತಕರಾರು ತೆಗೆಯಲಿಲ್ಲ.

ಆ ಎರಡು ವಾರ ಮನೆಯೇ ಪರೀಕ್ಷೆಗೆ ಕೂತಂತಿತ್ತು. ಅತ್ತೆ ಒಲೆಯ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟರು. ಏನಾದರೂ ಹೇಳಬೇಕಾದರೆ ಸೌಟು ಹಿಡಿದೇ ಮಗುವಿನ ಮುಂದೆ ಬಂದು ನಿಲ್ಲುತ್ತಿದ್ದರು. ಅದರಿಂದ ಎರಡು ಸಲ ಹಾಲು ಉಕ್ಕಿತು. ಗಂಡ ರಜೆ ಹಾಕಿ, ಗಿರಣಿಯಿಂದ ದೂರದ ಹಿತ್ತಿಲ ಮೂಲೆಯಲ್ಲಿ ಮಗಳಿಗೆ ಹಲಗೆಯ ಮೇಜು ಮಾಡಿದ. ಸಂಜೆ ಆರಕ್ಕೆ ಹಗ್ಗದಾಟ, ಅದಕ್ಕೆ ಯಾರೂ ಅಡ್ಡಿ ಬರಕೂಡದು ಎಂದು ಸೊಸೆ ಕಟ್ಟುನಿಟ್ಟು ಮಾಡಿದಳು. ಗುಂಗುರು ಬಂದು ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದಳು.

ಒಂದು ಸಂಜೆ ಮಗಳ ಎದುರು ಮಂಡಿಯೂರಿ ಕೂತು ಸೊಸೆ ಹೇಳಿದಳು: "ಅವತ್ತು ಬೆನ್ನಿಗೆ ಹೊಡೆದೆನಲ್ಲ, ಅದು ನನ್ನ ತಪ್ಪು."

"ಯಾವತ್ತು?" ಎಂದಳು ಕಡ್ಡಿ. ಆಮೇಲೆ ಸ್ವಲ್ಪ ಯೋಚಿಸಿ, "ಓ, ಬೆಕ್ಕು ಬರೆದ ದಿನ. ನೋವಾಗಿತ್ತು" ಎಂದಳು. ಸೊಸೆ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು.

ಪರೀಕ್ಷೆ ಮುಗಿಯಿತು. ಹೇಗೆ ಬರೆದೆ ಎಂದರೆ, "ಮೇಷ್ಟ್ರ ತುಟಿ ತುಂಬಾ ಚೆನ್ನಾಗಿದೆ" ಎಂದಷ್ಟೇ ಹೇಳಿದಳು. ಅದರಿಂದ ಯಾರಿಗೆ ಏನು ತಿಳಿಯಬೇಕು?

ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಕಿವಿಯ ಯಂತ್ರ ಬಂತು. ಅವರೆಕಾಳಿನಷ್ಟು ಎರಡು ಪುಟ್ಟ ವಸ್ತು. ಕಡ್ಡಿ ಅವನ್ನು ಹಾಕಿಕೊಂಡು ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕಾದಿದ್ದರು. "ಬಂದ್ಯಾ ನನ್ನ ಚಿನ್ನಾ!" ಎಂದು ಎಂದಿನಂತೆ ಗುಡುಗಿದರು. ಕಡ್ಡಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಅಜ್ಜಾ, ಯಾಕೆ ಬೈತೀರಾ?"

ಮಾವ ಕಲ್ಲಾಗಿ ನಿಂತರು. ಆಮೇಲೆ ಬಗ್ಗಿ, ಬಾಯಿ ಸಣ್ಣದು ಮಾಡಿ, ತಮಗೇ ಕೇಳದ ಒಂದು ದನಿಯಲ್ಲಿ ಏನೋ ಹೇಳಿದರು. ಏನೆಂದು ಸೊಸೆಗೆ ಕೇಳಿಸಲಿಲ್ಲ. ಕಡ್ಡಿಗೆ ಕೇಳಿಸಿತು, ಅವಳು ಅಜ್ಜನ ಕೊರಳಿಗೆ ಜೋತುಬಿದ್ದಳು.

ಕೊನೆಯ ದಿನ ಆ ಶಾಲೆಯಲ್ಲಿ ಮಕ್ಕಳನ್ನೆಲ್ಲ ಅಂಗಳದಲ್ಲಿ ತರಗತಿವಾರು ಸಾಲಾಗಿ ನಿಲ್ಲಿಸುತ್ತಿದ್ದರು. ದೊಡ್ಡ ಟೀಚರು ಜಗಲಿಯ ಮೇಲೆ ನಿಂತು ಪಟ್ಟಿ ಹಿಡಿದು ಹೆಸರು ಕರೆಯುತ್ತಿದ್ದರು. ಹೆಸರು ಬಂದವರು ಮುಂದಿನ ತರಗತಿಯ ಸಾಲಿಗೆ ದಾಟಿಕೊಳ್ಳಬೇಕು. ಹೆಸರು ಬಾರದವರು ನಿಂತಲ್ಲೇ ನಿಲ್ಲಬೇಕು. ಹೆತ್ತವರು ಕಾಂಪೌಂಡ್ ಗೋಡೆಗೆ ಒರಗಿ ಉಗುರು ಕಚ್ಚಬೇಕು.

ಮೂರನೇ ತರಗತಿಯ ಹೆಸರುಗಳು ಶುರುವಾದವು. ಗುಂಗುರು ದಾಟಿದಳು, ದಾಟಿ ಹಿಂದೆ ತಿರುಗಿ ನಿಂತಳು. ಒಬ್ಬೊಬ್ಬರಾಗಿ ಸಾಲು ಕರಗುತ್ತಾ ಬಂತು. ಸೊಸೆಯ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಮಾವ ಗಿರಣಿಗೆ ಬೀಗ ಹಾಕಿ ಬಂದಿದ್ದರು. ದೊಡ್ಡ ಟೀಚರ ತುಟಿಯ ಮೇಲೆ ಕಣ್ಣು ನೆಟ್ಟು ನಿಂತಿದ್ದರು. ಕಡ್ಡಿ ಜಗಲಿಗೆ ಬೆನ್ನು ಮಾಡಿ, ಗೋಡೆಯ ಬಳಿ ಇದ್ದ ಅಮ್ಮನನ್ನು ನೋಡುತ್ತಿದ್ದಳು.

"ಬಂತು!" ಮಾವ ಎಲ್ಲರಿಗಿಂತ ಮೊದಲು ಉದ್ಗರಿಸಿದರು.

ಹೌದು, ಅದೇ ಹೆಸರು. ಅಂಗಳದ ಆ ತುದಿಯಿಂದ, ಮಗುವಿನ ಬೆನ್ನ ಹಿಂದಿನಿಂದ, ಸ್ಪಷ್ಟವಾಗಿ ಬಂತು. ಗಂಡ ಸೊಸೆಯ ಭುಜ ಹಿಡಿದು ಅಲುಗಾಡಿಸಿದ. ಆದರೆ ಕಡ್ಡಿ ಕದಲಲಿಲ್ಲ. ನಿಂತೇ ಇದ್ದಳು. ಯಂತ್ರ ಕೆಟ್ಟಿತೇ? ಸೊಸೆ ಕೈ ಮಾಡಿ ತೋರಿಸಲೆಂದು ತೋಳೆತ್ತಿದಳು. ಅಷ್ಟರಲ್ಲಿ ದೊಡ್ಡ ಟೀಚರು ಇನ್ನೊಮ್ಮೆ, ಸ್ವಲ್ಪ ಉದ್ದವಾಗಿ ಎಳೆದು ಆ ಹೆಸರು ಕರೆದರು.

ಕಡ್ಡಿ ತಿರುಗಿ ಒಂದೇ ಓಟಕ್ಕೆ ಗುಂಗುರುವಿನ ಪಕ್ಕ ಹೋಗಿ ನಿಂತಳು.

ಸಾಲುಗಳು ಚದುರಿದ ಮೇಲೆ ಸೊಸೆ ಏದುಸಿರು ಬಿಡುತ್ತಾ ಅವಳ ಬಳಿಗೆ ಹೋದಳು. "ಮೊದಲನೇ ಸಲ ಕೇಳಿಸಲಿಲ್ವಾ ಪುಟ್ಟೀ?"

"ಕೇಳಿಸ್ತು" ಎಂದಳು ಕಡ್ಡಿ. "ಇನ್ನೊಂದು ಸಲ ಕರೀಲಿ ಅಂತ ನಿಂತಿದ್ದೆ."